ಹೆಗಲಲ್ಲಿ ಅಡಗಿದ್ದ ಸ್ಟೀಕ್

ಬೆಂದ ಮಾಂಸ ಎಷ್ಟು ಮೆತ್ತಗಿದೆ ಎಂದು ಅಳೆಯುವುದಕ್ಕೂ ಒಂದು ಯಂತ್ರವಿದೆ. ಸ್ಟೀಕನ್ನು ಬೇಯಿಸಿ, ಆರಿಸಿ, ನಾರು ಓಡುವ ದಿಕ್ಕಿನಲ್ಲೇ ಅರ್ಧ ಇಂಚು ದಪ್ಪದ ಉರುಳೆಗಳನ್ನು ಅದರಿಂದ ಕೊರೆದು ತೆಗೆಯುತ್ತಾರೆ. ಒಂದೊಂದು ಉರುಳೆಯನ್ನೂ ಅಲಗಿನ ಕಚ್ಚಿನಲ್ಲಿಟ್ಟು ಅಡ್ಡಕ್ಕೆ ಕತ್ತರಿಸಿ, ಅದಕ್ಕೆ ಎಷ್ಟು ಬಲ ಬೇಕಾಯಿತು ಎಂಬುದನ್ನು ಕಿಲೋ ಲೆಕ್ಕದಲ್ಲಿ ಬರೆದುಕೊಳ್ಳುತ್ತಾರೆ. ವಾರ್ನರ್ ಮತ್ತು ಬ್ರಾಟ್ಜ್ಲರ್ ಎಂಬ ಇಬ್ಬರ ಹೆಸರಿನ ಈ ಪರೀಕ್ಷೆ ಮಾಂಸವಿಜ್ಞಾನದಲ್ಲಿ ಬಹಳ ಹಳೆಯದು. ನಮ್ಮ ಹಲ್ಲಿಗೆ ಗೊತ್ತಾಗುವುದನ್ನೇ ಅದು ಅಂಕಿಯಲ್ಲಿ ಹೇಳುತ್ತದೆ.

ಕಳೆದ ಶತಮಾನ ಮುಗಿಯುವ ಹೊತ್ತಿಗೆ ಅಮೆರಿಕದ ಎರಡು ವಿಶ್ವವಿದ್ಯಾಲಯಗಳಲ್ಲಿ ದನದ ಒಂದೊಂದೇ ಸ್ನಾಯುವನ್ನು ಬಿಡಿಸಿ ಪರೀಕ್ಷಿಸುವ ಕೆಲಸ ನಡೆಯಿತು. ನೆಬ್ರಾಸ್ಕದಲ್ಲಿ ಕ್ರಿಸ್ ಕಾಲ್ಕಿನ್ಸ್, ಫ್ಲೋರಿಡದಲ್ಲಿ ಡ್ವೇನ್ ಜಾನ್ಸನ್ ಇದರ ಮುಂದಾಳುಗಳು. ಬಣ್ಣ, ಕೊಬ್ಬು, ಹುಳಿಯ ಮಟ್ಟ, ಮೆದುತನ ಹೀಗೆ ಬೇರೆ ಬೇರೆ ಗುಣಗಳಿಗಾಗಿ ಅವರು ನೋಡಿದ ಸ್ನಾಯುಗಳ ಸಂಖ್ಯೆ 5,600 ದಾಟಿತ್ತು. ಅವುಗಳ ನಡುವೆ ಎದ್ದು ಕಂಡದ್ದು ಹೆಗಲ ಮೂಳೆಯ ಹೊರಮೈಗೆ ಅಂಟಿಕೊಂಡ ಒಂದು ಚಪ್ಪಟೆ ಸ್ನಾಯು, ಅಂಗರಚನಾಶಾಸ್ತ್ರದವರ ಇನ್‌ಫ್ರಾಸ್ಪೈನೇಟಸ್. ಇಡೀ ಪ್ರಾಣಿಯಲ್ಲಿ ಟೆಂಡರ್‌ಲಾಯಿನ್ ಬಿಟ್ಟರೆ, ಅಂದರೆ ಬೆಂಗಳೂರಿನ ಅಂಗಡಿಯವರು ಅಂಡರ್‌ಕಟ್ ಎನ್ನುವ ತುಂಡನ್ನು ಬಿಟ್ಟರೆ, ಮೆದುತನದಲ್ಲಿ ಇದೇ ಮುಂದು. ಅಲ್ಲಿಯವರೆಗೆ ಅದು ಹೆಚ್ಚಾಗಿ ಗ್ರೈಂಡರಿಗೆ ಬಿದ್ದು ಹ್ಯಾಂಬರ್ಗರ್ ಆಗುತ್ತಿತ್ತು, ಇಲ್ಲವೇ ಗಂಟೆಗಟ್ಟಲೆ ಕುದಿಯುವ ಪಾತ್ರೆ ಸೇರುತ್ತಿತ್ತು.

ಈ ಹುಡುಕಾಟಕ್ಕೆ ಕಾರಣ ಹಣ. ಪ್ರಾಣಿಯ ಮಾಂಸದ ತೂಕದಲ್ಲಿ ಸುಮಾರು ಅರ್ಧ ಹೆಗಲಿನದು ಮತ್ತು ಹಿಂತೊಡೆಯದು. ಅಮೆರಿಕದ ಅಂಗಡಿಗಳಲ್ಲಿ ಇವಕ್ಕೆ ಚಕ್, ರೌಂಡ್ ಎಂಬ ಹೆಸರು. 1990ರ ದಶಕದಲ್ಲಿ ಈ ಎರಡು ಭಾಗಗಳ ಬೆಲೆ ಸುಮಾರು ಕಾಲುಭಾಗದಷ್ಟು ಕುಸಿಯಿತು. ರಜೆಯ ದಿನ ಮೂರು ಗಂಟೆ ಓವನ್ನಿನಲ್ಲಿಟ್ಟು ರೋಸ್ಟ್ ಮಾಡುವ ಬಿಡುವು ಮನೆಗಳಲ್ಲಿ ಉಳಿದಿರಲಿಲ್ಲ. ಎಲ್ಲರಿಗೂ ಬೇಕಾದದ್ದು ಹತ್ತು ನಿಮಿಷದಲ್ಲಿ ಬೇಯುವ ಸ್ಟೀಕ್. 1985ರ ಕಾನೂನಿನಂತೆ ಅಲ್ಲಿನ ಸಾಕಣೆದಾರರು ಮಾರುವ ಪ್ರತಿ ದನಕ್ಕೆ ಒಂದು ಡಾಲರ್ ಕೊಡುತ್ತಾರೆ. ಆ ನಿಧಿಯ ಹಣ ಈ ಸಂಶೋಧನೆಗೆ ಹರಿಯಿತು. 2002ರ ಹೊತ್ತಿಗೆ ಹೆಗಲ ಆ ಸ್ನಾಯು ಫ್ಲ್ಯಾಟ್ ಐರನ್ ಎಂಬ ಹೆಸರು ಹೊತ್ತು ಹೋಟೆಲುಗಳಿಗೂ ಅಂಗಡಿಗಳಿಗೂ ಬಂತು.

ಹೊಸ ತಳಿ ಬಂದಿರಲಿಲ್ಲ, ಮೇವು ಬದಲಾಗಿರಲಿಲ್ಲ. ಚಾಕು ಓಡುವ ದಾರಿ ಮಾತ್ರ ಬದಲಾಗಿತ್ತು. ಅಗ್ಗದ ಮಾಂಸ ಎಂದರೆ ಕೀಳು ಮಾಂಸ ಎಂದು ನಂಬಿರುವವರಿಗೆ ನಾನು ಮೊದಲು ಹೇಳುವುದು ಈ ಕಥೆಯನ್ನೇ. ಎಷ್ಟೋ ತುಂಡುಗಳು ಅಗ್ಗವಾಗಿ ಉಳಿದಿರುವುದು ಅವನ್ನು ಸರಿಯಾಗಿ ಬಿಡಿಸುವ ಪುರುಸೊತ್ತು ಯಾರಿಗೂ ಇಲ್ಲದ್ದರಿಂದ. ಆ ಪುರುಸೊತ್ತು ಮನೆಯಲ್ಲಿ ಅಡುಗೆ ಮಾಡುವವರಿಗೆ ಇರಬಲ್ಲದು.

ದುಡಿಯುವ ಸ್ನಾಯು ಗಟ್ಟಿ, ಸುಮ್ಮನಿರುವ ಸ್ನಾಯು ಮೆದು ಎಂಬುದು ಸಾಮಾನ್ಯ ಲೆಕ್ಕ. ಬೆನ್ನುಮೂಳೆಯ ಒಳಬದಿಯ ಅಂಡರ್‌ಕಟ್‌ಗೆ ಹೆಚ್ಚು ದುಡಿಮೆಯಿಲ್ಲ, ಅದಕ್ಕೇ ಅದು ಬೆಣ್ಣೆ. ಹೆಗಲಿನದು ಹಾಗಲ್ಲ, ಮೈಭಾರ ಹೊರುವ ಜಾಗ. ಆದರೂ ಈ ಒಂದು ಸ್ನಾಯು ಲೆಕ್ಕಕ್ಕೆ ಸಿಗದೆ ಜಾರಿಕೊಂಡಿದೆ. ಭುಜದ ಕೀಲು ಪಕ್ಕಕ್ಕೆ ಸರಿಯದಂತೆ ಹಿಡಿದಿಡುವುದು ಇದರ ಮುಖ್ಯ ಕೆಲಸ. ಒಳಗೆಲ್ಲ ಕೊಬ್ಬಿನ ಸಣ್ಣ ಸಣ್ಣ ಗೆರೆಗಳು ಹರಡಿವೆ, ರುಚಿಯ ಗುಟ್ಟೇ ಅದು. ನಿಜ ಹೇಳಬೇಕೆಂದರೆ ರುಚಿಯಲ್ಲಿ ಅಂಡರ್‌ಕಟ್ ಇದರ ಹತ್ತಿರಕ್ಕೂ ಬರುವುದಿಲ್ಲ. ಅಂಡರ್‌ಕಟ್ ಮೆತ್ತಗಿರುತ್ತದೆ, ಆದರೆ ಸಪ್ಪೆ. ದೊಡ್ಡ ಹೋಟೆಲುಗಳಲ್ಲಿ ಅದರ ಮೇಲೆ ಸಾಸಿನ ಹೊದಿಕೆ ಹಾಕುವುದು ಸುಮ್ಮನೆ ಅಲ್ಲ.

ಹಾಗಾದರೆ ಇಷ್ಟು ಒಳ್ಳೆಯ ತುಂಡನ್ನು ಅಷ್ಟು ವರ್ಷ ಅಮೆರಿಕದಲ್ಲಿ ಯಾರೂ ಗಮನಿಸಲಿಲ್ಲವೇಕೆ? ಅದರ ಹೊಟ್ಟೆಯಲ್ಲೊಂದು ತೊಡಕಿದೆ. ಸ್ನಾಯುವಿನ ನಟ್ಟನಡುವೆ, ಉದ್ದಕ್ಕೂ, ಒಂದು ದಪ್ಪ ಬಿಳಿ ಪೊರೆ ಹಾದುಹೋಗಿದೆ. ಬಾಡೂಟ ಬಲ್ಲವರು ನರ ಎನ್ನುವಂಥದ್ದು. ಅಂಗಡಿಯ ಗರಗಸ ಇಡೀ ಸ್ನಾಯುವನ್ನು ಅಡ್ಡಡ್ಡ ಕೊಯ್ದಾಗ ಪ್ರತಿ ತುಂಡಿನ ಮಧ್ಯದಲ್ಲೂ ಆ ಬಿಳಿ ಗೆರೆ ಉಳಿಯುತ್ತಿತ್ತು. ಹಲ್ಲಿಗೆ ಸಿಕ್ಕರೆ ಅಗಿದಷ್ಟೂ ರಬ್ಬರು. ತಿಂದವರು ಇಡೀ ತುಂಡನ್ನೇ ಬೈದುಕೊಂಡು ಬದಿಗಿಟ್ಟರು. ಸಂಶೋಧಕರು ಮಾಡಿದ್ದು ಇಷ್ಟೇ: ಅಡ್ಡ ಕೊಯ್ಯುವುದನ್ನು ಬಿಟ್ಟು, ಪೊರೆಯ ಮೇಲೊಂದು ಪದರ, ಕೆಳಗೊಂದು ಪದರ ಎಂದು ಉದ್ದಕ್ಕೆ ಬಿಡಿಸಿ, ಪೊರೆಯನ್ನು ಹೊರಗೆ ತೆಗೆದರು. ಒಂದು ಇಂಚು ದಪ್ಪದ ಎರಡು ಚಪ್ಪಟೆ ಹಲಗೆಗಳು ಸಿಕ್ಕವು.

ಜಪಾನಿನಲ್ಲಿ ಮಿಸುಜಿ, ಕೊರಿಯಾದಲ್ಲಿ ಬುಚೆಸಾಲ್ ಎಂದು ಮಾರುವುದು ಇದೇ ಸ್ನಾಯುವನ್ನು. ಅಲ್ಲಿಯವರು ಪೊರೆಯನ್ನು ತೆಗೆಯುವ ಗೋಜಿಗೆ ಹೋಗದೆ ತೀರಾ ತೆಳ್ಳಗೆ ಹೆಚ್ಚಿ ಕೆಂಡದ ಮೇಲೆ ಕ್ಷಣಮಾತ್ರ ಸುಡುತ್ತಾರೆ. ಅಷ್ಟು ತೆಳುವಾದಾಗ ನಡುವಿನ ಗೆರೆ ಹಲ್ಲಿಗೆ ಅಡ್ಡ ಬರುವುದಿಲ್ಲ. ಆಸ್ಟ್ರೇಲಿಯಾದಲ್ಲಿರುವ ಕನ್ನಡಿಗರು ಅಂಗಡಿಯಲ್ಲಿ ಆಯ್ಸ್ಟರ್ ಬ್ಲೇಡ್ ಕೇಳಬೇಕು, ಇಂಗ್ಲೆಂಡಿನಲ್ಲಿರುವವರು ಫೆದರ್ ಬ್ಲೇಡ್. ಅಮೆರಿಕದಲ್ಲಿ ಫ್ಲ್ಯಾಟ್ ಐರನ್ ಎಂಬ ಚೀಟಿ ಅಂಟಿಸಿದ ಪ್ಯಾಕೆಟ್ ಸಿಗುತ್ತದೆ, ಅಂಡರ್‌ಕಟ್ ಬೆಲೆಗಿಂತ ಬಹಳ ಕಡಿಮೆಗೆ. ಅದಕ್ಕಿಂತಲೂ ಅಗ್ಗ ಬೇಕೆಂದರೆ ಟಾಪ್ ಬ್ಲೇಡ್ ರೋಸ್ಟ್ ಎಂದು ಇಡೀ ಸ್ನಾಯುವನ್ನು ತಂದು ಮನೆಯಲ್ಲೇ ಬಿಡಿಸಿಕೊಳ್ಳಬಹುದು. ನಾನು ಮಾಡುವುದು ಇದನ್ನೇ, ಎಲ್ಲರಿಗೂ ಹೇಳುವುದೂ ಇದನ್ನೇ.

ಬೆಲೆಯ ಮಾತು ಬಂತು. ಅಗ್ಗದ ತುಂಡಿಗೆ ಹೆಸರು ಬಂದರೆ ಅದು ಅಗ್ಗವಾಗಿ ಉಳಿಯುವುದಿಲ್ಲ. ಟೆಕ್ಸಸ್ಸಿನ ದಕ್ಷಿಣದಲ್ಲಿ, ರಿಯೊ ಗ್ರಾಂಡೆ ನದಿಯ ಬಯಲಿನ ದನದ ಕೊಟ್ಟಿಗೆಗಳಲ್ಲಿ ದುಡಿಯುತ್ತಿದ್ದ ಮೆಕ್ಸಿಕನ್ ಆಳುಗಳಿಗೆ ಕೂಲಿಯ ಜೊತೆಗೆ ತಲೆ, ಕರುಳು, ಚರ್ಮ, ಎದೆ ಹೊಟ್ಟೆಗಳ ನಡುವಿನ ವಪೆಯ ಸ್ನಾಯು ಇಂಥವನ್ನು ಕೊಡುತ್ತಿದ್ದರು. ಧಣಿಗಳಿಗೆ ಬೇಡವಾದ ಭಾಗಗಳಿವು. ಆಳುಗಳು ವಪೆಯ ಆ ಪಟ್ಟಿಯನ್ನು ಬೆಂಕಿಯಲ್ಲಿ ಸುಟ್ಟು, ನಾರಿಗೆ ಅಡ್ಡಲಾಗಿ ತೆಳ್ಳಗೆ ಹೆಚ್ಚಿ ರೊಟ್ಟಿಯಲ್ಲಿ ಸುತ್ತಿ ತಿಂದರು. ಅದೇ ಫಹಿತಾ. ಸನ್ನಿ ಫಾಲ್ಕನ್ ಎಂಬ ಮಾಂಸದ ವ್ಯಾಪಾರಿ 1969ರಲ್ಲಿ ಕೈಲ್ ಎಂಬ ಊರಿನ ಜಾತ್ರೆಯಂಥ ಸಂಭ್ರಮದಲ್ಲಿ ಅದನ್ನು ಮೊದಲ ಬಾರಿ ಅಂಗಡಿ ಹಾಕಿ ಮಾರಿದರು. 1973ರಲ್ಲಿ ಅದನ್ನು ಬಡಿಸುವ ಹ್ಯೂಸ್ಟನ್ನಿನ ನಿನ್ಫಾಸ್ ಹೋಟೆಲು ಶುರುವಾಯಿತು, ಆಮೇಲೆ ದೊಡ್ಡ ಹೋಟೆಲುಗಳು ಚುರ್ ಎನ್ನುವ ಕಾವಲಿಯ ಸಮೇತ ಅದನ್ನು ಮೇಜಿಗೆ ತಂದವು. ಇಂದು ಸ್ಕರ್ಟ್ ಸ್ಟೀಕ್ ಎಂದು ಮಾರುವ ಆ ಪಟ್ಟಿ ಬಡವರ ತುಂಡಾಗಿ ಉಳಿದಿಲ್ಲ. ಕೂಲಿಯವರ ತಟ್ಟೆಯಿಂದ ಹೊರಟ ಊಟ ಅದೇ ಕೂಲಿಯವರ ಕೈಗೆ ಎಟುಕದಂತಾಯಿತು. ನನಗೆ ಇದು ಸಣ್ಣ ಸಂಗತಿ ಅನಿಸುವುದಿಲ್ಲ. ಫ್ಲ್ಯಾಟ್ ಐರನ್ ಬೆಲೆಯೂ ಏರುತ್ತ ಬಂದಿದೆ. ಇಡೀ ಸ್ನಾಯುವನ್ನು ಬಿಡಿಸಲು ಕಲಿಯಿರಿ ಎಂದು ನಾನು ಒತ್ತಿ ಹೇಳುವುದು ಅದಕ್ಕೇ.

ಬಿಡಿಸುವುದು ಕಷ್ಟವಿಲ್ಲ. ತೆಳು ಅಲಗಿನ, ತುಸು ಬಾಗುವ ಚಾಕು ಬೇಕು, ಹರಿತವಾಗಿರಬೇಕು. ಮಾಂಸ ಫ್ರಿಜ್ಜಿನಿಂದ ಆಗಷ್ಟೇ ಬಂದಿರಲಿ; ತಣ್ಣಗಿದ್ದಾಗ ಬಿಗಿಯಾಗಿರುತ್ತದೆ, ಜಾರುವುದಿಲ್ಲ. ಮೊದಲು ಮೇಲ್ಮೈಯ ಬೆಳ್ಳಿಬಣ್ಣದ ತೆಳು ಪೊರೆಯನ್ನು ತೆಗೆಯಿರಿ. ಆಮೇಲೆ ದಪ್ಪ ತುದಿಯನ್ನು ನಿಮ್ಮ ಕಡೆ ತಿರುಗಿಸಿಕೊಂಡು ನೋಡಿ. ಕೆಂಪಿನ ನಡುವೆ ಬಿಳಿ ಗೆರೆ ಎದ್ದು ಕಾಣುತ್ತದೆ. ಅದರ ನೆತ್ತಿಯ ಮೇಲೆ ಚಾಕುವನ್ನು ಮಲಗಿಸಿ, ಅಲಗಿನ ಮೂತಿ ಪೊರೆಯ ಕಡೆಗೇ ತುಸು ವಾಲಿರುವಂತೆ ಹಿಡಿದು, ಉದ್ದುದ್ದಕ್ಕೆ ಎಳೆಯಿರಿ. ದೊಡ್ಡ ಮೀನಿನ ಹೋಳಿನಿಂದ ಚರ್ಮ ಬಿಡಿಸುವಾಗಿನ ಕೈಚಳಕವೇ ಇಲ್ಲಿಯೂ ಬೇಕು. ಅಲಗು ಪೊರೆಗೆ ತಾಗಿಕೊಂಡೇ ಓಡುತ್ತಿದ್ದರೆ ಸಣ್ಣಗೆ ಕರಕರ ಸದ್ದು ಬರುತ್ತದೆ. ಸದ್ದು ನಿಂತರೆ ಚಾಕು ಮಾಂಸದೊಳಗೆ ದಾರಿ ತಪ್ಪಿದೆ ಎಂದು ತಿಳಿಯಬೇಕು. ಎಡಗೈ ಮೇಲಿನ ಪದರವನ್ನು ಎತ್ತುತ್ತ ಹೋದ ಹಾಗೆ ಪೊರೆ ಒದ್ದೆ ಕಾಗದದಷ್ಟು ಹೊಳಪಾಗಿ ತೆರೆದುಕೊಳ್ಳುತ್ತದೆ. ಮೇಲಿನದು ಬಂದ ಮೇಲೆ ತಿರುಗಿಸಿ ಕೆಳಗಿನದನ್ನೂ ಹಾಗೆಯೇ ಬಿಡಿಸಿ. ಕೈಯಲ್ಲಿ ಉಳಿಯುವ ಪೊರೆಯನ್ನು ಎಸೆಯಬೇಡಿ.

ಎರಡು ಹಲಗೆಗಳಲ್ಲೂ ನಾರು ಯಾವ ಕಡೆಗೆ ಓಡುತ್ತಿದೆ ಎಂದು ಈಗಲೇ ನೋಡಿಕೊಳ್ಳುವುದು ಒಳ್ಳೆಯದು. ಕಾವಲಿಯಲ್ಲಿ ಕಂದುಬಣ್ಣ ಕಟ್ಟಿದ ಮೇಲೆ ಎಳೆ ಕಾಣುವುದಿಲ್ಲ, ಬಡಿಸುವಾಗ ಹೆಚ್ಚಬೇಕಾದದ್ದು ಎಳೆಗೆ ಅಡ್ಡವಾಗಿ.

ಉಪ್ಪನ್ನು ಹಿಂದಿನ ರಾತ್ರಿಯೇ ಹಚ್ಚುತ್ತೇನೆ. ಅರ್ಧ ಕಿಲೋ ಮಾಂಸಕ್ಕೆ ಐದಾರು ಗ್ರಾಂ, ಕಲ್ಲುಪ್ಪನ್ನು ತರಿತರಿಯಾಗಿ ಪುಡಿಮಾಡಿದ್ದು. ಎರಡೂ ಮೈಗೆ ಹಚ್ಚಿ, ತಂತಿಜಾಲರಿಯ ಮೇಲಿಟ್ಟು, ಮುಚ್ಚದೆ ಫ್ರಿಜ್ಜಿನಲ್ಲಿಡಬೇಕು. ಮೊದಲು ಉಪ್ಪು ಒಳಗಿನ ನೀರನ್ನು ಮೇಲಕ್ಕೆ ಎಳೆಯುತ್ತದೆ. ಮಾಂಸದ ಮೇಲೆ ಹನಿ ಹನಿ ಬೆವರು. ಮುಕ್ಕಾಲು ಗಂಟೆ ಕಳೆಯುವ ಹೊತ್ತಿಗೆ ಆ ಉಪ್ಪುನೀರು ಮತ್ತೆ ಒಳಗಿಳಿಯಲು ತೊಡಗುತ್ತದೆ. ಬೆಳಗಾಗುವಷ್ಟರಲ್ಲಿ ರುಚಿ ಒಳಗೂ ಹತ್ತಿರುತ್ತದೆ, ಮೇಲ್ಮೈ ಒಣಗಿ ಗಾಢ ಕೆಂಪಾಗಿರುತ್ತದೆ. ರಾತ್ರಿ ಮರೆತಿದ್ದರೆ ಕಾವಲಿಗೆ ಹಾಕುವ ಕ್ಷಣದಲ್ಲಿ ಉಪ್ಪು ಉದುರಿಸಿ. ಹಚ್ಚಿ ಹತ್ತು ಹದಿನೈದು ನಿಮಿಷ ಬಿಟ್ಟು ಹುರಿಯುವುದು ಎಲ್ಲಕ್ಕಿಂತ ಕೆಟ್ಟದ್ದು: ಆಗ ಮೈಯೆಲ್ಲ ನೀರು, ಮಾಂಸ ಹುರಿಯುವ ಬದಲು ಬೇಯುತ್ತದೆ.

ಮೇಲ್ಮೈ ಒಣಗಿರಬೇಕು ಎಂದು ಇಷ್ಟು ಒತ್ತಾಯ ಮಾಡುವುದಕ್ಕೆ ಕಾರಣವಿದೆ. ನೀರಿರುವಷ್ಟು ಹೊತ್ತು ಆ ಜಾಗದ ಬಿಸಿ 100 ಡಿಗ್ರಿ ದಾಟುವುದಿಲ್ಲ. ಕಂದುಬಣ್ಣ ಮತ್ತು ಹುರಿದ ಪರಿಮಳ ಚುರುಕಾಗಿ ಹುಟ್ಟುವುದು 140 ಡಿಗ್ರಿಯ ಸುತ್ತಮುತ್ತ, ಪ್ರೋಟೀನಿನ ಅಂಶಗಳು ಸಕ್ಕರೆಯ ಜೊತೆ ಸೇರಿ. 1912ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ರಸಾಯನಶಾಸ್ತ್ರಜ್ಞ ಲೂಯಿ ಕಮೀಯ್ ಮಯ್ಯಾರ್ ಹೆಸರೇ ಆ ಕ್ರಿಯೆಗಿದೆ. ನಾವು ಕಾಫಿ ಬೀಜ ಹುರಿಯುವಾಗ, ಮಸಾಲೆಗೆ ಕೊಬ್ಬರಿ ಕೆಂಪಗೆ ಮಾಡುವಾಗ ಮೂಗಿಗೆ ಬಡಿಯುವುದರಲ್ಲೂ ಅದೇ ಇದೆ.

ಬೀಡು ಕಬ್ಬಿಣದ ಕಾವಲಿ ಇದ್ದರೆ ಅದೇ ಸರಿ. ನಾನ್‌ಸ್ಟಿಕ್ ಈ ಕೆಲಸಕ್ಕಲ್ಲ. ಕಾವಲಿಯನ್ನು ಹೊಗೆಯಾಡುವ ತನಕ ಕಾಯಿಸಿ, ಒಂದು ಚಮಚ ರಿಫೈನ್ಡ್ ಕಡಲೆಕಾಯಿ ಎಣ್ಣೆ ಹಾಕಿ, ಪೇಪರ್ ಟವೆಲಿನಲ್ಲಿ ಇನ್ನೊಮ್ಮೆ ಒತ್ತಿ ಒರೆಸಿದ ಮಾಂಸವನ್ನು ಇಡಿ. ಕಿಟಕಿ ತೆರೆದಿರಲಿ, ಫ್ಯಾನ್ ಓಡುತ್ತಿರಲಿ. ಅಮೆರಿಕದ ಅಪಾರ್ಟ್‌ಮೆಂಟುಗಳ ಹೊಗೆಯ ಗಂಟೆ ಅಕ್ಕಪಕ್ಕದವರನ್ನೆಲ್ಲ ಎಬ್ಬಿಸಬಲ್ಲದು. ಒಂದೇ ಸಲ ಮಗುಚಬೇಕು, ಮುಟ್ಟಬಾರದು ಎಂಬ ನಿಯಮವನ್ನು ಬಿಟ್ಟುಬಿಡಿ. ನಿಮಿಷಕ್ಕೊಮ್ಮೆ ಮಗುಚಿದರೆ ಬಿಸಿ ಎರಡೂ ಕಡೆಯಿಂದ ಸಮನಾಗಿ ಹೋಗುತ್ತದೆ, ಬೇಗವೂ ಬೇಯುತ್ತದೆ, ಹೊರಗಿನ ಕಂದು ಪದರದ ಕೆಳಗೆ ಬೂದುಬಣ್ಣದ ಒಣ ಪಟ್ಟಿ ದಪ್ಪವಾಗುವುದಿಲ್ಲ. ಜೋರು ಉರಿಯಲ್ಲಿ ಹುರಿದರೆ ರಸ ಒಳಗೇ ಸೀಲ್ ಆಗುತ್ತದೆ ಎಂಬ ಮಾತೂ ಸುಳ್ಳು. 19ನೇ ಶತಮಾನದಲ್ಲಿ ಜರ್ಮನಿಯ ಯೂಸ್ಟುಸ್ ಫಾನ್ ಲೀಬಿಗ್ ಹಬ್ಬಿಸಿದ ಈ ನಂಬಿಕೆಯನ್ನು ಹೆರಾಲ್ಡ್ ಮಗೀ 1984ರ ತಮ್ಮ ಪುಸ್ತಕದಲ್ಲಿ ಬಿಡಿಸಿ ತೋರಿಸಿದ್ದಾರೆ. ಹುರಿದ ಮೇಲೂ ಕಾವಲಿಯಲ್ಲಿ ಚುರುಚುರು ಎನ್ನುತ್ತಿರುವುದು ಹೊರಬರುತ್ತಿರುವ ರಸವೇ ಅಲ್ಲವೇ. ನಾವು ಜೋರು ಉರಿ ಕೊಡುವುದು ಪರಿಮಳಕ್ಕೆ.

ಒಂದು ಇಂಚು ದಪ್ಪದ ತುಂಡಿಗೆ ಏಳೆಂಟು ನಿಮಿಷ ಸಾಕು. ಕೊನೆಯ ಎರಡು ನಿಮಿಷ ಉರಿ ತಗ್ಗಿಸಿ, ನಿಂಬೆಗಾತ್ರದ ಬೆಣ್ಣೆ, ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿ, ಒರಟಾಗಿ ಕುಟ್ಟಿದ ಕಾಳುಮೆಣಸು ಹಾಕಿ, ಕಾವಲಿಯನ್ನು ಓರೆ ಮಾಡಿ ನೊರೆಗಟ್ಟಿದ ಬೆಣ್ಣೆಯನ್ನು ಚಮಚದಲ್ಲಿ ಮಾಂಸದ ಮೇಲೆ ಸುರಿಯುತ್ತಿರಿ. ಮೆಣಸು ಮೊದಲೇ ಬಿದ್ದರೆ ಸೀದು ಕಹಿಯಾಗುತ್ತದೆ.

ಹದ ಗೊತ್ತಾಗುವುದು ಹೇಗೆ? ಬೆರಳಿನಿಂದ ಒತ್ತಿ ನೋಡುವವರಿದ್ದಾರೆ. ನಾನು ಥರ್ಮಾಮೀಟರನ್ನು ನಂಬುತ್ತೇನೆ, ಪಕ್ಕದಿಂದ ಚುಚ್ಚಿ ನಡುಮಧ್ಯದ ಬಿಸಿ ನೋಡುತ್ತೇನೆ. 54ರಿಂದ 57 ಡಿಗ್ರಿಯಲ್ಲಿ ಒಳಗೆ ಗುಲಾಬಿ, ರಸ ತುಂಬಿರುತ್ತದೆ. 65 ದಾಟುತ್ತಿದ್ದಂತೆ ಎಳೆಗಳು ಬಿಗಿದುಕೊಂಡು ನೀರನ್ನು ಹಿಂಡತೊಡಗುತ್ತವೆ. ಅಮೆರಿಕದ ಕೃಷಿ ಇಲಾಖೆ ಹೇಳುವ ಸುರಕ್ಷಿತ ಮಟ್ಟ 63 ಡಿಗ್ರಿ, ಆಮೇಲೆ ಮೂರು ನಿಮಿಷ ಬಿಡುವು. ಇಡಿಯಾದ ತುಂಡಿನಲ್ಲಿ ರೋಗಾಣುಗಳು ಇರುವುದು ಸಾಮಾನ್ಯವಾಗಿ ಹೊರಮೈಯಲ್ಲಿ, ಅವು ಕಾವಲಿಯಲ್ಲಿ ಸಾಯುತ್ತವೆ. ಕೈಮಾದ ಲೆಕ್ಕ ಬೇರೆ, ಅಲ್ಲಿ ಹೊರಗಿದ್ದದ್ದು ಒಳಗೂ ಸೇರಿರುತ್ತದೆ, 71 ಡಿಗ್ರಿ ಬೇಕೇ ಬೇಕು. ಸೂಜಿ ಚುಚ್ಚಿ ಮೆದು ಮಾಡಿದ ಮಾಂಸಕ್ಕೂ ಅದೇ ಅಪಾಯವಿರುವುದರಿಂದ 2016ರಿಂದ ಅಮೆರಿಕದಲ್ಲಿ ಅದನ್ನು ಚೀಟಿಯಲ್ಲಿ ನಮೂದಿಸಬೇಕೆಂಬ ನಿಯಮವಿದೆ; ಕೊಳ್ಳುವಾಗ ಓದಿ. ಮನೆಯಲ್ಲಿ ಬಸುರಿಯರು, ಚಿಕ್ಕ ಮಕ್ಕಳು, ವಯಸ್ಸಾದವರು ಇದ್ದರೆ 63ಕ್ಕಿಂತ ಕೆಳಗೆ ಇಳಿಯಬೇಡಿ.

ನಮ್ಮವರಿಗೆ ಗುಲಾಬಿ ಬಣ್ಣ ಒಗ್ಗುವುದು ನಿಧಾನ. ಊಟಕ್ಕೆ ಬಂದ ಹಾಸನದ ಕಡೆಯ ಹುಡುಗನೊಬ್ಬ ತಟ್ಟೆಯನ್ನು ನೋಡಿ, "ಅಕ್ಕಾ, ರಕ್ತ ಇನ್ನೂ ಹಂಗೇ ಐತಲ್ಲಾ?" ಎಂದು ಮೆಲ್ಲಗೆ ಕೇಳಿದ. "ರಕ್ತ ಅಲ್ಲ ಕಣೋ, ಮಾಂಸದ ಬಣ್ಣ ಅದು. ಬೇಕಿದ್ರೆ ಇನ್ನೆರಡು ನಿಮಿಷ ಇಡ್ತೀನಿ, ಕೊಡು" ಎಂದೆ. ಆ ಕೆಂಪು ಮಯೋಗ್ಲೋಬಿನ್ ಎಂಬ ಪ್ರೋಟೀನಿನದು, ರಕ್ತ ಕೊಯ್ದಾಗಲೇ ಹೋಗಿರುತ್ತದೆ. ಆದರೆ ಅರೆಬೆಂದದ್ದನ್ನು ತಿಂದರೆ ಮಾತ್ರ ರುಚಿ ಬಲ್ಲವರು ಎಂಬ ಹಟವನ್ನು ನಾನು ಒಪ್ಪುವುದಿಲ್ಲ. ತಿನ್ನುವವರ ಮನಸ್ಸು ಹಿಂಜರಿದರೆ ಊಟ ಇಳಿಯುವುದಿಲ್ಲ. ಫ್ಲ್ಯಾಟ್ ಐರನ್ನಿನ ದೊಡ್ಡ ಗುಣವೆಂದರೆ ಒಳಗಿನ ಕೊಬ್ಬಿನಿಂದಾಗಿ 63, 64 ಡಿಗ್ರಿಯಲ್ಲೂ ಅದು ಒಣಗುವುದಿಲ್ಲ. ಅಂಡರ್‌ಕಟ್ ಆ ಬಿಸಿಯಲ್ಲಿ ಹಿಟ್ಟು ಹಿಟ್ಟಾಗುತ್ತದೆ.

ಇಳಿಸಿದ ಮೇಲೆ ಐದು ನಿಮಿಷ ಹಲಗೆಯ ಮೇಲೆ ಬಿಟ್ಟು, ಎಳೆಗೆ ಅಡ್ಡವಾಗಿ ಬೆರಳು ದಪ್ಪಕ್ಕಿಂತ ತೆಳುವಾಗಿ ಹೆಚ್ಚಿ. ಜೊತೆಗೆ ಆಲೂಗಡ್ಡೆ ಇರಬೇಕೆಂದೇನಿಲ್ಲ. ಕೊತ್ತಂಬರಿ, ಹಸಿಮೆಣಸು, ಬೆಳ್ಳುಳ್ಳಿಯನ್ನು ಒರಳಲ್ಲಿ ಜಜ್ಜಿ ನಿಂಬೆರಸ, ಎಣ್ಣೆ ಬೆರೆಸಿದರೆ ಕೊಬ್ಬಿನ ಭಾರವನ್ನು ಕತ್ತರಿಸುವ ಹುಳಿಖಾರ ಸಿದ್ಧ. ಅಕ್ಕಿರೊಟ್ಟಿಗೂ ಹೊಂದುತ್ತದೆ.

ಕರ್ನಾಟಕದಲ್ಲಿರುವವರು ಇದನ್ನು ಓದಿ ನೇರ ಕಾವಲಿ ಕಾಯಿಸಬೇಡಿ. 2020ರ ಗೋಹತ್ಯೆ ತಡೆ ಕಾಯ್ದೆಯ ಪ್ರಕಾರ ರಾಜ್ಯದಲ್ಲಿ ಕಡಿಯಲು ಅವಕಾಶವಿರುವುದು 13 ವರ್ಷ ದಾಟಿದ ಎಮ್ಮೆ ಕೋಣಗಳನ್ನು ಮಾತ್ರ, ಅದೂ ಅಧಿಕಾರಿಯ ಪ್ರಮಾಣಪತ್ರವಿದ್ದರೆ. ಅಮೆರಿಕದಲ್ಲಿ ಸ್ಟೀಕಿಗೆ ಬರುವ ದನ ಸಾಮಾನ್ಯವಾಗಿ ಎರಡು ವರ್ಷದ ಆಸುಪಾಸಿನದು, ಕಾಳು ತಿಂದು ಕೊಬ್ಬಿದ್ದು. ವಯಸ್ಸಾದ ಹಾಗೆ ಸ್ನಾಯುವಿನ ಕೊಲಾಜೆನ್ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ. ಎಂಟು ನಿಮಿಷದ ಉರಿಗೆ ಅವು ಜಗ್ಗುವುದಿಲ್ಲ. ನಮ್ಮಲ್ಲಿ ಮಂಗಳೂರು ಕ್ರೈಸ್ತರ ಮನೆಗಳ ಬೀಫ್ ಸುಕ್ಕ ಇರಲಿ, ದಲಿತರ, ಮುಸ್ಲಿಮರ ಅಡುಗೆಮನೆಗಳ ಸಾರು, ಪಲ್ಯಗಳಿರಲಿ, ಎಲ್ಲವೂ ನಿಧಾನ ಬೇಯಿಸುವ ದಾರಿ ಹಿಡಿದಿರುವುದು ಆ ಮಾಂಸದ ಸ್ವಭಾವ ಬಲ್ಲವರು ಕಂಡುಕೊಂಡದ್ದರಿಂದ. ಅದು ಬಡತನದ ರಾಜಿಯಲ್ಲ, ಜಾಣತನ.

ಅದೇ ಹೆಗಲ ತುಂಡನ್ನು ಎಮ್ಮೆಯದೇ ತನ್ನಿ. ಈ ಸಲ ನಡುವಿನ ಪೊರೆಯನ್ನು ತೆಗೆಯಬಾರದು. ಸ್ಟೀಕಿನಲ್ಲಿ ಶತ್ರುವಾಗಿದ್ದ ಪೊರೆ ಇಲ್ಲಿ ಬೇಕಾದ ವಸ್ತು: ಅದು ಹೆಚ್ಚುಕಡಿಮೆ ಕೊಲಾಜೆನ್ನೇ, ತೇವದಲ್ಲಿ ಗಂಟೆಗಟ್ಟಲೆ ಕುದಿದಾಗ ಜೆಲಟಿನ್ ಆಗಿ ಕರಗಿ ರಸಕ್ಕೆ ಮಂದ ಕೊಡುತ್ತದೆ. ಫ್ರಾನ್ಸಿನವರು ಪಲರೋನ್ ಎಂದು ಇದೇ ತುಂಡನ್ನು ವೈನಿನಲ್ಲಿ ಬೇಯಿಸುವುದು ಈ ಪೊರೆಯ ಆಸೆಗೇ. ದಪ್ಪ ತುಂಡುಗಳಾಗಿ ಕತ್ತರಿಸಿ, ಉಪ್ಪು ಹಚ್ಚಿಟ್ಟು, ಮೊದಲು ಕಾವಲಿಯಲ್ಲಿ ಎಲ್ಲ ಮೈಯನ್ನೂ ಕಂದಾಗಿಸಿ. ಕೆಂಪಗೆ ಬಾಡಿಸಿದ ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಮೆಣಸು, ಒಂದಿಷ್ಟು ವಿನೆಗರ್, ಮಾಂಸ ಅರ್ಧ ಮುಳುಗುವಷ್ಟು ನೀರು. ಪ್ರೆಷರ್ ಕುಕ್ಕರಿನಲ್ಲಾದರೆ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ, ಮುಚ್ಚಿದ ಭಾರದ ಪಾತ್ರೆಯಲ್ಲಾದರೆ ಮೂರು ಗಂಟೆಗಿಂತ ಕಡಿಮೆ ಬೇಡ. ಚಮಚ ಒತ್ತಿದರೆ ತುಂಡು ತಾನಾಗಿ ಬಿಡಬೇಕು, ನಡುವಿನ ಬಿಳಿ ಗೆರೆ ಪಾರದರ್ಶಕವಾಗಿ ಅಲುಗುತ್ತಿರಬೇಕು. ಅಲ್ಲಿಯ ತನಕ ಕುದಿಯಲಿ. ಮರುದಿನ ಬಿಸಿಮಾಡಿದರೆ ಇನ್ನೂ ರುಚಿ.

ಸ್ಟೀಕಿಗೆಂದು ಬಿಡಿಸಿ ಎತ್ತಿಟ್ಟಿದ್ದ ಪೊರೆಯನ್ನೂ ಹೀಗೆಯೇ ಬಳಸಿ. ಫ್ರೀಜರಿನಲ್ಲಿ ಕೂಡಿಡುತ್ತ ಹೋಗಿ, ನಾಲ್ಕಾರು ತುಂಡು ಸೇರಿದ ಮೇಲೆ ಯಾವುದಾದರೂ ಮೂಳೆಸಾರಿನ ಪಾತ್ರೆಗೆ ಹಾಕಿ.